ಕಾಳಿಗಿಂತ ಚೀಟಿಗೆ ಬೆಲೆ: ಸಿಂಧನೂರು ಸೀಮೆಯಲ್ಲಿ ಪೌಷ್ಟಿಕತೆಯ ವ್ಯಾಪಾರ

ರಾಯಚೂರು ಜಿಲ್ಲೆಯ ಸಿಂಧನೂರಿನ ಗಿರಣಿಗಳಿಂದ ಹೊರಡುವ ಸೋನಾ ಮಸೂರಿ ಅಕ್ಕಿಗೆ ರಾಜ್ಯದಾಚೆಗೂ ಹೆಸರಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಬದಿಯ ಎರೆಹೊಲಗಳು ಒಂದೊಂದಾಗಿ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರೂ ಇಲ್ಲಿಯ ಪುನರ್ವಸತಿ ಕ್ಯಾಂಪುಗಳಿಗೆ ಬಂದು ನೆಲೆಸಿದರು. ಇಬ್ಬರೂ ಅನ್ನ ಉಣ್ಣುವವರು. ರೊಟ್ಟಿಯ ಸೀಮೆಗೆ ಭತ್ತ ಹೀಗೆ ಕಾಲಿಟ್ಟಿತು. ಲಿಂಗಸುಗೂರು, ಮಸ್ಕಿಗಳ ಒಣಬೇಸಾಯದ ಹೊಲಗಳಲ್ಲಿ ಮಾತ್ರ ಜೋಳ, ಸಜ್ಜೆ, ತೊಗರಿ ಇನ್ನೂ ಉಳಿದಿವೆ.

ಊಟ ಹೀಗೆ ಬದಲಾದ ಸೀಮೆಯಲ್ಲಿ ಈಗ ಪೌಷ್ಟಿಕತೆ ಒಂದು ಸರಕಾಗಿದೆ. ಅದನ್ನು ಮಾರುವವರು ಮೂರು ಬಗೆಯವರು: ಸಿರಿಧಾನ್ಯದ ಪೊಟ್ಟಣ ಕಟ್ಟುವವರು, ಸಕ್ಕರೆ ಕಾಯಿಲೆಯವರಿಗೆಂದೇ ಅಕ್ಕಿ ಮಾರುವವರು, ಸರ್ಕಾರಕ್ಕೆ ಪುಷ್ಟಿಯ ಪುಡಿ ಪೂರೈಸುವವರು. ಮೂರೂ ಕಡೆ ಲಾಭ ಹುಟ್ಟುವುದು ಕಾಳಿನಿಂದಲ್ಲ, ಚೀಟಿಯ ಮೇಲಿನ ಮಾತಿನಿಂದ ಎಂಬುದು ಈ ಲೇಖನದ ವಾದ.

ಮೊದಲಿಗೆ ಸಿರಿಧಾನ್ಯ. ಕೇಂದ್ರ ಸರ್ಕಾರ 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕರ್ನಾಟಕ 2019-20ರಲ್ಲಿ ‘ರೈತ ಸಿರಿ’ ಯೋಜನೆಯಡಿ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿತು. 2023 ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಇಷ್ಟರಲ್ಲಿ ತಪ್ಪೇನಿಲ್ಲ. ಆದರೆ ಈ ಪ್ರಚಾರದ ಬೆನ್ನಿಗೇ ಇನ್ನೊಂದು ಮಾತು ಹಬ್ಬಿತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂಬ ಐದು ಕಾಳುಗಳು ಮಧುಮೇಹದಿಂದ ಹಿಡಿದು ಕ್ಯಾನ್ಸರ್‌ವರೆಗೆ ಎಲ್ಲವನ್ನೂ ನೀಗುತ್ತವೆ, ಜೋಳ ಮತ್ತು ಸಜ್ಜೆ ಬರೀ ‘ತಟಸ್ಥ’ ಎಂಬ ವರ್ಗೀಕರಣ ಭಾಷಣಗಳಲ್ಲಿ, ವಿಡಿಯೊಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಮನೆಮನೆ ತಲುಪಿತು.

ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ತೆರೆದರೆ ಸಾಕು. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರಿನಂಶ 2.8 ಗ್ರಾಂ, ಕಬ್ಬಿಣ 0.65 ಮಿಲಿಗ್ರಾಂ. ಸಾಮೆಯಲ್ಲಿ ನಾರು 7.7 ಗ್ರಾಂ, ಕಬ್ಬಿಣ 1.26 ಮಿಲಿಗ್ರಾಂ. ‘ತಟಸ್ಥ’ ಎನಿಸಿಕೊಂಡ ಜೋಳದಲ್ಲಿ ನಾರು 10.2 ಗ್ರಾಂ, ಕಬ್ಬಿಣ 3.95 ಮಿಲಿಗ್ರಾಂ, ಸಜ್ಜೆಯಲ್ಲಿ ನಾರು 11.5 ಗ್ರಾಂ, ಕಬ್ಬಿಣ 6.4 ಮಿಲಿಗ್ರಾಂ. ಕಾಳಿನಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ ನಿಜ. ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ ಅದನ್ನು ತಡೆಯುತ್ತದೆ. ಆದರೂ ಮಸ್ಕಿಯ ಕೂಲಿ ಹೆಣ್ಣುಮಗಳು ಬುತ್ತಿಗೆ ಕಟ್ಟಿಕೊಳ್ಳುವ ಸಜ್ಜೆ ರೊಟ್ಟಿ, ಪೇಟೆಯ ದುಬಾರಿ ಸಾಮೆ ಪೊಟ್ಟಣಕ್ಕಿಂತ ಈ ಎರಡು ಲೆಕ್ಕದಲ್ಲೂ ಮೇಲು. ಅದಕ್ಕೆ ಜಾಹೀರಾತಿಲ್ಲ, ಅಷ್ಟೆ.

ಸಿರಿಧಾನ್ಯದ ಪರವಾಗಿ ಗಟ್ಟಿ ಪುರಾವೆಯೂ ಉಂಟು. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ನೇತೃತ್ವದಲ್ಲಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಈ ಧಾನ್ಯಗಳ ಸರಾಸರಿ ಗ್ಲೈಸೆಮಿಕ್ ಸೂಚ್ಯಂಕ (ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದರ ಅಳತೆ) 52.7, ಪಾಲಿಶ್ ಅಕ್ಕಿಯದು 71.7. ಆ ವಿಶ್ಲೇಷಣೆ ಜೋಳ, ಸಜ್ಜೆ, ರಾಗಿಗಳನ್ನೂ ಒಳಗೊಂಡಿತ್ತು. ಅನ್ನ ಕಡಿಮೆ ಮಾಡಿ ಇವನ್ನು ಉಂಡರೆ ರಕ್ತದ ಸಕ್ಕರೆ ಹತೋಟಿಗೆ ನೆರವಾಗುತ್ತದೆ ಎಂಬಲ್ಲಿಗೆ ಅದರ ಮಾತು ನಿಲ್ಲುತ್ತದೆ. ಮಾತ್ರೆ ಬಿಡಬಹುದೆಂದು ಅದು ಹೇಳುವುದಿಲ್ಲ. ಸಂಶೋಧನೆಯ ‘ನೆರವು’ ಪೊಟ್ಟಣದ ಮೇಲೆ ‘ಪರಿಹಾರ’ವಾಗುತ್ತದೆ. ಅದೇ ಪೊಟ್ಟಣದೊಳಗಿನ ಕಾಳನ್ನು ಬೆಳ್ಳಗೆ ಕಾಣಲೆಂದು ಪಾಲಿಶ್ ಮಾಡಿದ್ದರೆ ನಾರಿನ ಬಹುಪಾಲು ಗಿರಣಿಯಲ್ಲೇ ಉದುರಿರುತ್ತದೆ.

ಅಕ್ಕಿಯೂ ಹಿಂದೆ ಬಿದ್ದಿಲ್ಲ. ಹೈದರಾಬಾದಿನ ಕೃಷಿ ವಿಶ್ವವಿದ್ಯಾಲಯ 2015ರಲ್ಲಿ ಬಿಡುಗಡೆ ಮಾಡಿದ ಆರ್‌ಎನ್‌ಆರ್ 15048 ತಳಿ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಬೇಗ ಹರಡಿತು. ಸಣ್ಣ ಕಾಳು, ಕಡಿಮೆ ಅವಧಿಯ ಬೆಳೆ. ಅದರ ಸೂಚ್ಯಂಕ ಸುಮಾರು 51.7 ಎಂಬ ವರದಿ ಬಂದದ್ದೇ ತಡ, ವ್ಯಾಪಾರದಲ್ಲಿ ಅದು ‘ಶುಗರ್ ಫ್ರೀ ಅಕ್ಕಿ’ ಆಯಿತು. ಆದರೆ ಯಾವ ಅಕ್ಕಿಯಲ್ಲೂ ಹೇಳಿಕೊಳ್ಳುವಷ್ಟು ಸಕ್ಕರೆ ಇರುವುದಿಲ್ಲ. ಇರುವುದು ಪಿಷ್ಟ, ಅದು ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರ ಅಳತೆಯಲ್ಲಿ ಸೋನಾ ಮಸೂರಿಯ ಸೂಚ್ಯಂಕ 72. ಆರ್‌ಎನ್‌ಆರ್ ಅದಕ್ಕಿಂತ ಒಳ್ಳೆಯದೆನ್ನಲು ಆಧಾರವಿದೆ. ಆದರೆ ‘ಇದು ಶುಗರ್ ಫ್ರೀ’ ಎಂದು ನಂಬಿ ಎರಡು ಸೌಟು ಅನ್ನ ಹೆಚ್ಚಿಗೆ ಉಂಡವರಿಗೆ ಆ ಅಂತರದ ಪ್ರಯೋಜನವೇ ಉಳಿಯದು.

ಕಾನೂನು ಇಲ್ಲವೆಂದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ, ಜಾಹೀರಾತಿನಲ್ಲಿ ಔಷಧದಿಂದ ವಾಸಿ ಮಾಡುತ್ತೇವೆ ಎನ್ನಬಾರದ ರೋಗಗಳ ಪಟ್ಟಿಯಲ್ಲಿ ಮಧುಮೇಹವನ್ನೂ ಸೇರಿಸಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ಸೂಚನೆಯಂತೆ ಆನ್‌ಲೈನ್ ಮಾರಾಟ ತಾಣಗಳು ಬೋರ್ನ್‌ವಿಟಾದಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಬೇಕಾಯಿತು. ಆದರೆ ಕಾನೂನಿನ ಹಿಡಿತ ಇರುವುದು ಅಚ್ಚಾದ ಚೀಟಿಯ ಮೇಲೆ, ಹೆಸರಿರುವ ಕಂಪನಿಯ ಮೇಲೆ. ಕಲ್ಯಾಣ ಮಂಟಪದ ಉಪನ್ಯಾಸ ಮುಗಿಸಿ ಬಾಗಿಲಲ್ಲೇ ಪೊಟ್ಟಣ ಮಾರುವ ವ್ಯಾಪಾರ ಅದರ ಕೈಗೆ ಸಿಗುವುದು ಕಷ್ಟ.

ಮೇಲಿನ ಎರಡು ವ್ಯಾಪಾರಗಳಲ್ಲಿ ಕೊಳ್ಳುವವರಿಗೆ ಬೇಡ ಎನ್ನುವ ಅವಕಾಶವಾದರೂ ಇದೆ. ಅಂಗನವಾಡಿಯ ಮಗುವಿಗೆ ಅದಿಲ್ಲ.

2011ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸಾಯುತ್ತಿರುವ ವರದಿಗಳು ಟಿ.ವಿ.ಯಲ್ಲಿ ಬಂದಾಗ ಇಡೀ ರಾಜ್ಯ ಬೆಚ್ಚಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಚನೆಯಾಗಿ 2012ರಲ್ಲಿ ಶಿಫಾರಸುಗಳನ್ನು ಕೊಟ್ಟಿತು. ರಾಜ್ಯದ ಅನ್ನದ ಕಣಜವೆನಿಸಿದ ತಾಲ್ಲೂಕುಗಳಿರುವ ಜಿಲ್ಲೆಯಲ್ಲೇ ಹೀಗೇಕೆ ಎಂಬ ಪ್ರಶ್ನೆಗೆ ಬಡತನ, ಗುಳೆ, ಬಾಲ್ಯವಿವಾಹ ಎಂಬ ಉತ್ತರಗಳಿದ್ದವು. ಪೂರೈಕೆಯ ಪ್ರಶ್ನೆಯೂ ಇತ್ತು. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿತ್ತು. ಅದರಂತೆ ಕರ್ನಾಟಕದಲ್ಲಿ ಕಾಗದದ ಮೇಲೆ ಪೂರೈಕೆದಾರರಾಗಿದ್ದದ್ದು ‘ಎಂಎಸ್‌ಪಿಸಿ’ ಎಂಬ ಮಹಿಳಾ ಪೂರಕ ಪೌಷ್ಟಿಕ ಆಹಾರ ಉತ್ಪಾದನಾ ಕೇಂದ್ರಗಳು. ಈ ಕೇಂದ್ರಗಳ ಹಿಂದೆ ಹೊರರಾಜ್ಯದ ಖಾಸಗಿ ಕಂಪನಿಯೊಂದರ ಕೈವಾಡವಿದೆ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಆಹಾರ ಆಯುಕ್ತರು 2012ರ ವರದಿಯಲ್ಲಿ ದೂರಿದರು. ಚೀಟಿಯಲ್ಲಿ ಮಹಿಳೆಯರ ಹೆಸರು, ಲಾಭ ಬೇರೆಯವರಿಗೆ. ಪುಡಿಯ ಪೊಟ್ಟಣವನ್ನು ಪ್ರಯೋಗಾಲಯಕ್ಕೆ ಕಳಿಸದೆ ಗುಣ ತಿಳಿಯುವಂತಿಲ್ಲ. ಇಂಥ ಆಹಾರದಲ್ಲಿ ಮೋಸಕ್ಕೆ ಜಾಗ ಹೆಚ್ಚು.

ಮೊಟ್ಟೆಯ ಪ್ರಕರಣ ಇದಕ್ಕೆ ತದ್ವಿರುದ್ಧ. ಮೊಟ್ಟೆಗೆ ಕಲಬೆರಕೆ ಮಾಡಲಾಗದು. ಕೆಟ್ಟಿದ್ದರೆ ಒಡೆದ ಕೂಡಲೇ ತಾಯಿಗೂ ಗೊತ್ತಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಅದು ನಂಬಿಕೆಯ ಮಾತು, ಅದರೊಡನೆ ವಾದಿಸಬಹುದು. ಹೆಚ್ಚು ಹಾನಿ ಮಾಡಿದ್ದು ವಿಜ್ಞಾನದ ವೇಷ ತೊಟ್ಟು ಬಂದ ಮಾತು. ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು 2022ರಲ್ಲಿ ಸಲ್ಲಿಸಿದ ದಾಖಲೆ, ಮೊಟ್ಟೆ-ಮಾಂಸಗಳ ನಿತ್ಯ ಸೇವನೆ ಜೀವನಶೈಲಿಯ ರೋಗಗಳಿಗೆ ದಾರಿ ಎಂದಿತು. ತೂಕವೇ ಸಾಲದ ಮಕ್ಕಳಿಗೆ ಬೊಜ್ಜಿನ ಭಯ ತೋರಿಸಿದಂತಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಂಠಿತ ಬೆಳವಣಿಗೆಯವರು, ಶೇ. 65.5ರಷ್ಟು ರಕ್ತಹೀನತೆಯವರು.

ಆ ದಾಖಲೆಗೆ ಉತ್ತರ ನೆರೆಯ ಜಿಲ್ಲೆಯಲ್ಲೇ ಸಿದ್ಧವಿತ್ತು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ ಯಾದಗಿರಿಯವರ ತೂಕವೇ ಹೆಚ್ಚು ಏರಿತ್ತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೆರವು ಒಪ್ಪಿಕೊಂಡ ಮೇಲೆ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನಕ್ಕೇರಿತು.

ಕಲಬೆರಕೆ ಅಸಾಧ್ಯವಾದ, ಅಗ್ಗದ ಆಹಾರಕ್ಕೆ ಪುರಾವೆ ಕೇಳಿದ ಸಮಾಜ, ಪುಡಿಗೂ ಪೊಟ್ಟಣಕ್ಕೂ ಅದೇ ಪುರಾವೆ ಕೇಳಲಿಲ್ಲ. ಈಗಲಾದರೂ ಕೇಳಬೇಕು. ಅಂಗನವಾಡಿಗೆ ಬರುವ ಪ್ರತಿ ಕಂತಿನ ಪ್ರಯೋಗಾಲಯ ವರದಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಲು ಹೊಸ ಕಾನೂನು ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಂದಲೇ ಇದು ಶುರುವಾಗಲಿ.