ಚೀನೀ ಹಾಯಿ, ಗಾಜುನಾರಿನ ಪೀಠ

ಚೀನಾದ ಜಂಕ್ ಹಡಗಿನ ಹಾಯಿ ದೂರಕ್ಕೆ ಬೀಸಣಿಗೆಯಂತೆ ಕಾಣುತ್ತದೆ. ಅದಕ್ಕೆ ಅಡ್ಡಲಾಗಿ ಬಿದಿರಿನ ದಬ್ಬೆಗಳನ್ನು ಕಟ್ಟಿರುತ್ತಾರೆ. ಗಾಳಿ ಜೋರಾದಾಗ ಹಗ್ಗ ಸಡಿಲಿಸಿದರಾಯಿತು, ಹಾಯಿ ಮಡಿಕೆ ಮಡಿಕೆಯಾಗಿ ಕೆಳಗಿಳಿಯುತ್ತದೆ. ಈ ಸರಳತೆಗೆ ಮನಸೋತ ಪಾಶ್ಚಾತ್ಯ ನಾವಿಕರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ತಮ್ಮ ದೋಣಿಗಳಿಗೂ ಅಳವಡಿಸತೊಡಗಿದರು. ಆದರೆ ಹಾಯಿಯನ್ನು ಎರವಲು ತಂದಷ್ಟು ಸುಲಭವಾಗಿ ಹಾಯಿಮರದ ಬುಡದ ಭದ್ರತೆಯನ್ನು ತರಲಾಗಲಿಲ್ಲ.

ಇವರಲ್ಲಿ ಮುಖ್ಯನಾದವನು ಬ್ರಿಟನ್ನಿನ ನಿವೃತ್ತ ಸೇನಾಧಿಕಾರಿ ಬ್ಲಾಂಡೀ ಹ್ಯಾಸ್ಲರ್. 1942ರಲ್ಲಿ ಪುಟ್ಟ ದೋಣಿಗಳಲ್ಲಿ ಫ್ರಾನ್ಸಿನ ಬೋರ್ಡೊ ಬಂದರಿಗೆ ನುಗ್ಗಿ ಜರ್ಮನರ ವಶದಲ್ಲಿದ್ದ ಹಡಗುಗಳಿಗೆ ಸಿಡಿಮದ್ದು ಇಟ್ಟ ತಂಡದ ನಾಯಕ ಈತನೇ. 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಒಂಟಿ ನಾವಿಕರ ಮೊದಲ ಸ್ಪರ್ಧೆ ನಡೆದಾಗ, ಸುಮಾರು 25 ಅಡಿ ಉದ್ದದ 'ಜೆಸ್ಟರ್' ಎಂಬ ದೋಣಿಗೆ ಚೀನೀ ಹಾಯಿ ಕಟ್ಟಿ 48 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ. 40 ದಿನಗಳಲ್ಲಿ ತಲುಪಿದ ಫ್ರಾನ್ಸಿಸ್ ಚಿಚೆಸ್ಟರ್ ಮೊದಲಿಗನಾದರೆ ಹ್ಯಾಸ್ಲರ್ ಎರಡನೆಯವನಾದ. ಈ ಹಾಯಿಯ ಬಗ್ಗೆ ಜಾಕ್ ಮೆಕ್ಲಿಯಡ್ ಜೊತೆ ಆತ ಬರೆದ ಗ್ರಂಥ 1988ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹ್ಯಾಸ್ಲರ್ ತೀರಿಕೊಂಡಿದ್ದ.

ಪಾಶ್ಚಾತ್ಯ ಹಾಯಿದೋಣಿಯಲ್ಲಿ ಉಕ್ಕಿನ ತಂತಿಗಳು ಹಾಯಿಮರವನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿದಿರುತ್ತವೆ. ಚೀನೀ ಹಾಯಿಯ ಒಂದು ಭಾಗ ಮರದ ಮುಂದಕ್ಕೂ ಚಾಚಿರುವುದರಿಂದ ಈ ತಂತಿಗಳು ಅಡ್ಡಬರುತ್ತವೆ. ಅವನ್ನು ತೆಗೆದರೆ ಗಾಳಿಯ ಹೊಡೆತವೆಲ್ಲ ಬುಡಕ್ಕೇ ಬೀಳುತ್ತದೆ. ಹಾಯಿಮರ ಡೆಕ್ಕಿನಿಂದ ಒಂದು ಮೀಟರ್ ಕೆಳಗೆ ಇಳಿದಿದೆ, ಗಾಳಿ ಅದನ್ನು ನಾಲ್ಕು ಮೀಟರ್ ಮೇಲೆ ತಳ್ಳುತ್ತಿದೆ ಎನ್ನೋಣ. ಆಗ ತಳದ ಪೀಠ ಗಾಳಿಯ ನಾಲ್ಕು ಪಟ್ಟು ಬಲವನ್ನೂ, ಡೆಕ್ಕಿನ ರಂಧ್ರ ಐದು ಪಟ್ಟು ಬಲವನ್ನೂ ವಿರುದ್ಧ ದಿಕ್ಕುಗಳಲ್ಲಿ ತಡೆಯಬೇಕು.

ಚೀನಾದ ಬಡಗಿಗಳು ಇದಕ್ಕೆ ಹಡಗಿನ ಒಡಲಲ್ಲೇ ಪರಿಹಾರ ಕಂಡಿದ್ದರು. 1974ರಲ್ಲಿ ಕ್ವಾನ್‌ಝೌ ಬಳಿ ಉತ್ಖನನವಾದ ಸಾಂಗ್ ಕಾಲದ ಹಡಗಿನಲ್ಲಿ 12 ಅಡ್ಡಗೋಡೆಗಳಿದ್ದವು. ನೀರು ನುಗ್ಗದಂತೆ ತಡೆಯುವ ಇಂಥ ಗೋಡೆಗಳು ಒಡಲನ್ನು ಬಿಗಿದು ಹಾಯಿಮರದ ಭಾರವನ್ನೂ ಹಂಚಿಕೊಳ್ಳುತ್ತವೆ. ಈ ಕೌಶಲವನ್ನು ಯುನೆಸ್ಕೊ 2010ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕಾರ್ಖಾನೆಯ ಫೈಬರ್‌ಗ್ಲಾಸ್ ದೋಣಿಗೆ ಆ ಒಡಲಿಲ್ಲ. ಅನೇಕ ದೋಣಿಗಳ ಡೆಕ್ಕೆಂದರೆ ಎರಡು ತೆಳು ಪದರಗಳ ನಡುವೆ ಹಗುರ ಬಾಲ್ಸಾ ಮರ, ಅಷ್ಟೆ. ಪರಿವರ್ತಿಸುವವರು ರಂಧ್ರದ ಸುತ್ತಲಿನ ಬಾಲ್ಸಾವನ್ನು ಕೆತ್ತಿ ತೆಗೆದು, ಎಪಾಕ್ಸಿ ರಾಳದಲ್ಲಿ ನೆನೆಸಿದ ಗಾಜುನಾರಿನ ಬಟ್ಟೆಯನ್ನು ಪದರ ಪದರವಾಗಿ ತುಂಬುತ್ತಾರೆ. ಹಾಯಿಮರಕ್ಕೆ ಅಂಟದ ಹಾಳೆ ಸುತ್ತಿ, ಅದರ ಮೇಲೆಯೇ ನಾರು ಸುತ್ತಿ ಕೊರಳಪಟ್ಟಿ ಎರೆಯುತ್ತಾರೆ. ಗಟ್ಟಿಯಾದ ಮೇಲೆ ಅದನ್ನು ಕಳಚಿ ಡೆಕ್ಕಿಗೆ ಬೆಸೆಯುತ್ತಾರೆ. ಹಗ್ಗದ ರಾಟೆ ಹಿಡಿಯುವ ತುದಿಯ ಟೋಪಿಯನ್ನೂ ಹೀಗೆಯೇ ಮಾಡಬಹುದು. ಅಲ್ಯೂಮಿನಿಯಂ ಹಾಯಿಮರಕ್ಕೆ ಸ್ಟೀಲ್ ತಾಗಿದರೆ ಉಪ್ಪುನೀರಿನಲ್ಲಿ ಸವೆತ ಹತ್ತುತ್ತದೆ. ಗಾಜುನಾರಿನಿಂದ ಆ ಕಾಟವಿಲ್ಲ.

ಆದರೆ ನಾರು ಬಲ ಕೊಡುವುದು ತಾನು ಹಾಸಿದ ದಿಕ್ಕಿನಲ್ಲಿ ಮಾತ್ರ. ಕೊರಳಪಟ್ಟಿಗೆ ನಾರು ಸುತ್ತಲೂ ಓಡಬೇಕು. ಅಲ್ಲಿಂದ ಡೆಕ್ಕಿಗೂ ಅಡ್ಡಗೋಡೆಗೂ ಹರಡಿಕೊಳ್ಳಬೇಕು. ಪೀಠವೂ ತಳದ ಒಂದೇ ಬಿಂದುವಿನ ಮೇಲೆ ಕೂರದೆ ಹಲವು ಅಡ್ಡಪಟ್ಟಿಗಳಿಗೆ ಭಾರ ಹಂಚಬೇಕು. ಹಾಗಾಗದಿದ್ದರೆ ಕೊರಳಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡಬಹುದು. ಬಂದರಿನಲ್ಲಿ ಅದನ್ನು ಕಂಡ ನಾವಿಕ ರಿಪೇರಿ ಮಾಡಿಸಿಯಾನು. ನಡುಗಡಲಿನಲ್ಲಿ ಕಂಡವನಿಗೆ ಹಾಯಿ ಇಳಿಸುವುದೇ ಮೊದಲ ದಾರಿ.