ಮೇಜಿನ ಮೇಲೆ ಮೂರು ಊರಿನ ಎಕ್ಸ್‌ಚೇಂಜ್

ಮುಂಬಯಿ ಕಡೆಯಿಂದ ಬಂದ ರೈಲು ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಹಳಿಗಳು ಕೂಡುವ ಕಡೆ ಯಾವ ಗಾಡಿ ಯಾವ ದಾರಿಗೆ ಎಂದು ನೋಡಿಕೊಳ್ಳಲು ಒಬ್ಬ ಪಾಯಿಂಟ್ಸ್‌ಮನ್ ಬೇಕು. ದೂರವಾಣಿ ಎಕ್ಸ್‌ಚೇಂಜ್ ಮಾಡುವುದೂ ಇದೇ ಕೆಲಸ. ಅಲ್ಲಿ ಓಡುವುದು ಗಾಡಿಯಲ್ಲ, ಮಾತು.

ಈ ವಿದ್ಯೆ ಬಹುಕಾಲ ಇಲಾಖೆಯ ಕಟ್ಟಡದೊಳಗೇ ಉಳಿದಿತ್ತು. ಹೊರಗಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಂದು ಅದನ್ನು ದೇವದುರ್ಗದಲ್ಲೋ ಮಾನ್ವಿಯಲ್ಲೋ ಮನೆಯ ಒಂದು ಮೇಜಿನ ಮೇಲೆ ಕಲಿಯಬಹುದು. ಕೋಣೆ ತುಂಬುವ ಯಂತ್ರ ಮೇಜಿಗೆ ಇಳಿದು ಬಂದ ಕತೆ ಕುತೂಹಲಕರವಾದುದು. ಅದರ ಒಂದು ಮುಖ್ಯ ಘಟ್ಟ ನಡೆದದ್ದು ಕರ್ನಾಟಕದಲ್ಲೇ.

ಭಾರತದ ಮೊದಲ ದೂರವಾಣಿ ಎಕ್ಸ್‌ಚೇಂಜ್‌ಗಳು 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ತೆರೆದವು. ಆಗ ತಂತಿಗಳನ್ನು ಕೂಡಿಸುತ್ತಿದ್ದವರು ಮನುಷ್ಯರೇ. ಮನುಷ್ಯರ ಬದಲು ಯಂತ್ರವೇ ಕರೆಯನ್ನು ಕೂಡಿಸುವ ಉಪಾಯಕ್ಕೆ ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ. ಅಂತ್ಯಕ್ರಿಯೆ ನಡೆಸಿಕೊಡುವ ವೃತ್ತಿಯವನಾಗಿದ್ದ ಈತನಿಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿಗೆ ಕೊಡುತ್ತಿದ್ದಳೆಂದೂ ಆ ಸಿಟ್ಟಿನಿಂದಲೇ ಯಂತ್ರ ಹುಟ್ಟಿತೆಂದೂ ಕತೆಯಿದೆ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇದೇ ಸ್ಟ್ರೌಜರ್ ಬಗೆಯ ಉಪಕರಣಗಳನ್ನು ತಯಾರಿಸಿತು. ಇವು ಟಕಟಕ ಸದ್ದು ಮಾಡುತ್ತ, ಧೂಳಿಗೆ ಕೆಡುತ್ತ, ಕೋಣೆಗಟ್ಟಲೆ ಜಾಗ ಹಿಡಿಯುತ್ತಿದ್ದವು. ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು.

ಕಿತ್ತೂರಿನ ಪೆಟ್ಟಿಗೆ

ಕೇಂದ್ರ ಸರ್ಕಾರ 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. 36 ತಿಂಗಳು, 36 ಕೋಟಿ ರೂಪಾಯಿ, ಕೊನೆಗೆ ಭಾರತದ್ದೇ ಆದ ಡಿಜಿಟಲ್ ಎಕ್ಸ್‌ಚೇಂಜ್: ಸ್ಯಾಮ್ ಪಿತ್ರೋಡಾ ಮುಂತಾದವರು ಒಪ್ಪಿಕೊಂಡ ಸವಾಲು ಇದು. ಅದರ ಫಲವಾಗಿ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲು ಕೆಲಸ ಆರಂಭಿಸಿತು. ಅದಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಪೆಟ್ಟಿಗೆಯೊಳಗಿತ್ತು. ಚಲಿಸುವ ಲೋಹದ ಭಾಗಗಳು ಮಾಡುತ್ತಿದ್ದ ಕೆಲಸವನ್ನು ಪ್ರೋಗ್ರಾಂ ಮಾಡತೊಡಗಿತು. ಪ್ರೋಗ್ರಾಂ ಎಂದ ಮೇಲೆ ಅದು ಒಂದೇ ಯಂತ್ರಕ್ಕೆ ಅಂಟಿಕೊಂಡಿರಬೇಕಾಗಿಲ್ಲ. ಅಮೆರಿಕದ ತರುಣ ಮಾರ್ಕ್ ಸ್ಪೆನ್ಸರ್ 1999ರಲ್ಲಿ ತನ್ನ ಪುಟ್ಟ ಕಂಪನಿಗೆ ಕಚೇರಿ ಎಕ್ಸ್‌ಚೇಂಜ್ ಕೊಳ್ಳಲು ಹೊರಟ. ಬೆಲೆ ಕೈಗೆಟಕಲಿಲ್ಲ. ಸಾಮಾನ್ಯ ಕಂಪ್ಯೂಟರಿನಲ್ಲೇ ಎಕ್ಸ್‌ಚೇಂಜ್ ಆಗಿ ನಡೆಯುವ ‘ಆಸ್ಟರಿಸ್ಕ್’ ಎಂಬ ಪ್ರೋಗ್ರಾಂ ಬರೆದು ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ.

ಕಾಗದಕ್ಕಿಂತ ಲಕೋಟೆ ಭಾರ

ಡಿಜಿಟಲ್ ದೂರವಾಣಿ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದಿಡುತ್ತದೆ. ಹೀಗೆ ಒಂದು ದನಿಗೆ ಸೆಕೆಂಡಿಗೆ 64 ಸಾವಿರ ಬಿಟ್ ಬೇಕು. ಅಂತರ್ಜಾಲದಲ್ಲಿ ಇದನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಿ ಕಳಿಸಲಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ವಿಳಾಸದ ಬರಹ 40 ಬೈಟ್. ಹಾಗಾಗಿ 64 ಸಾವಿರ ಎಂದದ್ದು ದಾರಿಯಲ್ಲಿ 80 ಸಾವಿರವಾಗುತ್ತದೆ. ದನಿಯನ್ನು 8 ಸಾವಿರ ಬಿಟ್‌ಗೆ ಕುಗ್ಗಿಸುವ ವಿಧಾನವೂ ಇದೆ. ಆಗ ಪೊಟ್ಟಣದೊಳಗಿನ ಮಾತು 20 ಬೈಟ್, ವಿಳಾಸ ಮಾತ್ರ ಅದೇ 40: ಕಾಗದಕ್ಕಿಂತ ಲಕೋಟೆಯೇ ಭಾರ! ಅಂಚೆಯ ಕಾಗದ ಒಂದು ದಿನ ತಡವಾದರೂ ಓದಬಹುದು. ಮಾತು ಅರ್ಧ ಸೆಕೆಂಡ್ ತಡವಾದರೂ ಸಂಭಾಷಣೆ ಕೆಡುತ್ತದೆ.

ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕೈಯಾರೆ ಮಾಡಿ ನೋಡುವುದು ಬೇರೆ. ಮನೆಯ ಪ್ರಯೋಗಾಲಯದ ಅಗತ್ಯ ಇಲ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಹಳೆಯ ರೂಟರ್ ಮೂರು, ಒಂದು ಸ್ವಿಚ್, ಎರಡು-ಮೂರು ಐಪಿ ಫೋನ್, ಸಾಧಾರಣ ದೂರವಾಣಿಯನ್ನು ಸಿಕ್ಕಿಸಲು ಒಂದು ವಾಯ್ಸ್ ಕಾರ್ಡ್ ಇದ್ದರೆ ಸಾಕು. ಅಷ್ಟು ಹಣ ಇಲ್ಲದವರಿಗೆ ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಆಸ್ಟರಿಸ್ಕ್.

ಮೂರು ರೂಟರ್‌ಗಳಿಗೆ ಮೂರು ಊರಿನ ಹೆಸರಿಟ್ಟರೆ ಪಾಠ ಸುಲಭ. ರಾಯಚೂರಿಗೆ 08532, ದೇವದುರ್ಗಕ್ಕೆ 08531, ಮಾನ್ವಿಗೆ 08538: ಎಸ್.ಟಿ.ಡಿ. ಬೂತುಗಳ ಕಾಲದಿಂದ ಜನರಿಗೆ ಗೊತ್ತಿರುವ ಸಂಖ್ಯೆಗಳು. ಮೊದಲ ನಾಲ್ಕು ಅಂಕಿ ಒಂದೇ. ಐದನೆಯದು ಬಂದ ಮೇಲಷ್ಟೇ ಕರೆ ಯಾವ ಊರಿಗೆಂದು ರೂಟರ್‌ಗೆ ತಿಳಿಯುತ್ತದೆ. ರಾಯಚೂರು–ಮಾನ್ವಿ ನಡುವಿನ ದಾರಿಯನ್ನು ಬೇಕೆಂದೇ 64 ಸಾವಿರ ಬಿಟ್‌ಗೆ ಇಕ್ಕಟ್ಟು ಮಾಡಿದರೆ, ಕುಗ್ಗಿಸದ ಒಂದು ಕರೆಯೂ ಅಲ್ಲಿ ಸರಿಯಾಗಿ ಹಾಯದು. ಕುಗ್ಗಿಸಿದರೆ ಎರಡು ಹಾಯುತ್ತವೆ. ಕೆಲವೊಮ್ಮೆ ಗಂಟೆ ಬಾರಿಸುತ್ತದೆ, ಎತ್ತಿದರೆ ಒಬ್ಬರ ಮಾತು ಮಾತ್ರ ಕೇಳುತ್ತದೆ. ಕರೆಯನ್ನು ಕೂಡಿಸುವ ಸಂದೇಶ ಒಂದು ದಾರಿಯಲ್ಲೂ ದನಿ ಇನ್ನೊಂದು ದಾರಿಯಲ್ಲೂ ಹೋಗಬಹುದೆಂಬುದು ಆಗ ಮನದಟ್ಟಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಅನುಮತಿಯಿಲ್ಲದೆ ಅಂತರ್ಜಾಲದ ಕರೆಗಳನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ಹಾಯಿಸುವುದು ಅಪರಾಧ. ಪ್ರಯೋಗಾಲಯದ ಕರೆಗಳು ಮೇಜಿನ ಮೇಲೇ ಹುಟ್ಟಿ ಮೇಜಿನ ಮೇಲೇ ಮುಗಿಯಬೇಕು.

ಪರೀಕ್ಷೆ ಹೋಯಿತು, ವಿದ್ಯೆ?

ಇಷ್ಟೆಲ್ಲ ಸಿದ್ಧತೆ ಬಹುಮಟ್ಟಿಗೆ ಒಂದು ಪ್ರಮಾಣಪತ್ರಕ್ಕಾಗಿ. ಸಿಸ್ಕೊ ಕಂಪನಿಯ ‘ಸಿಸಿಎನ್‌ಎ ವಾಯ್ಸ್’ 2008ರಲ್ಲಿ ಬಂದು ಕೆಲವು ವರ್ಷಗಳ ಬಳಿಕ ನಿಂತಿತು. ಅದರ ಸ್ಥಾನಕ್ಕೆ ಬಂದ ‘ಸಿಸಿಎನ್‌ಎ ಕೊಲಾಬರೇಷನ್’ 2020ರ ಫೆಬ್ರವರಿಯಲ್ಲಿ ಕೊನೆಗೊಂಡಿತು. ಸಾಲ ಮಾಡಿ ಶುಲ್ಕ ಕಟ್ಟುವ ಮನೆಯವರು ಇದನ್ನು ತಿಳಿದಿರಬೇಕು. ಪರೀಕ್ಷೆಯ ಹೆಸರು ಕೆಲವೇ ವರ್ಷಕ್ಕೆ ಹಳತಾಗುತ್ತದೆ. ಕೇವಲ ಪ್ರಶ್ನೋತ್ತರ ಬಾಯಿಪಾಠ ಮಾಡಿದವರ ವಿದ್ಯೆ ಅದರೊಡನೆ ಹೋಗುತ್ತದೆ.

ಆದರೆ ಮಾತನ್ನು ಪೊಟ್ಟಣ ಕಟ್ಟುವ ರೀತಿ ಹಳತಾಗಿಲ್ಲ. 2016ರಲ್ಲಿ ಜಿಯೋ ಆರಂಭವಾದಾಗಿನಿಂದ ಹಳ್ಳಿಯ ಮೊಬೈಲ್ ಕರೆಯೂ ಹೆಚ್ಚುಹೆಚ್ಚಾಗಿ ಇದೇ ರೀತಿಯಲ್ಲಿ ಸಾಗುತ್ತಿದೆ. ಕೆಟ್ಟ ಕರೆಯ ಮೂಲವನ್ನು ಒಮ್ಮೆ ತಾನೇ ಹುಡುಕಿ ಸರಿಪಡಿಸಿದವರು ಯಾವ ಕಂಪನಿಯ ಪೆಟ್ಟಿಗೆಯ ಮುಂದೆಯೂ ಕೂರಬಲ್ಲರು.

ಮನೆಯಲ್ಲಿ ಮೇಜು ಹಾಕಲು ಜಾಗವಿಲ್ಲದ, ಬೆಂಗಳೂರಿಗೆ ಹೋಗಿ ಕಲಿಯಲು ಹಣವಿಲ್ಲದ ವಿದ್ಯಾರ್ಥಿಗಳು ಈ ತಾಲ್ಲೂಕುಗಳಲ್ಲಿ ಇದ್ದೇ ಇದ್ದಾರೆ. ಮೂರು ಹಳೆಯ ರೂಟರ್‌ಗಳನ್ನು ಕಾಲೇಜೊಂದರ ಮೂಲೆಯಲ್ಲಿಟ್ಟು ಬಾಗಿಲು ತೆರೆದಿಟ್ಟರೆ ಅಂಥವರಿಗೂ ಈ ವಿದ್ಯೆ ಸಿಕ್ಕೀತು.