ವಾಹನ ರಾಡಾರ್‌ಗಳ ಪರಸ್ಪರ ಅಡಚಣೆ ಮತ್ತು ರೂಪ ಬದಲಿಸುವ ಆಂಟೆನಾ

ಒಂದು ವಾಹನದ ರಾಡಾರ್ ಹೊಮ್ಮಿಸಿದ ರೇಡಿಯೊ ತರಂಗ ಇನ್ನೊಂದು ವಾಹನದ ರಾಡಾರ್‌ಗೆ ನುಗ್ಗಿ ಅದರ ಅಳತೆಯನ್ನು ಕೆಡಿಸುವುದೇ ಪರಸ್ಪರ ಅಡಚಣೆ. ತಾನಾಗಿ ಬ್ರೇಕ್ ಹಾಕುವ, ಮುಂದಿನ ವಾಹನದಿಂದ ಅಂತರ ಕಾಯುವ ವ್ಯವಸ್ಥೆಗಳು ಈ ಅಳತೆಯನ್ನೇ ನಂಬಿವೆ. ಇಂದಿನ ರಾಡಾರ್‌ಗಳಲ್ಲಿ ಬಹುಪಾಲು 76ರಿಂದ 81 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಕೆಲಸ ಮಾಡುವುದರಿಂದ ದಟ್ಟ ಸಂಚಾರದಲ್ಲಿ ಅಡಚಣೆ ತಪ್ಪಿದ್ದಲ್ಲ.

ಅಡಚಣೆಯ ಬಲಕ್ಕೆ ಕಾರಣ ದೂರದ ಲೆಕ್ಕ. ನಮ್ಮ ತರಂಗ ಗುರಿಗೆ ಬಡಿದು ಮರಳಬೇಕು. ಹಾಗಾಗಿ ಪ್ರತಿಧ್ವನಿಯ ಶಕ್ತಿ ದೂರದ ನಾಲ್ಕನೇ ಘಾತದಂತೆ ಕುಗ್ಗುತ್ತದೆ. ಎದುರಿನ ರಾಡಾರ್‌ನ ತರಂಗ ಒಮ್ಮುಖವಾಗಿ ಬರುವುದರಿಂದ ವರ್ಗದಂತೆ ಮಾತ್ರ ಕುಗ್ಗುತ್ತದೆ. 100 ಮೀಟರ್ ದೂರದಲ್ಲಿ, 10 ಚದರ ಮೀಟರ್ ರಾಡಾರ್ ಅಡ್ಡಕೊಯ್ತ (ತರಂಗವನ್ನು ಪ್ರತಿಫಲಿಸುವ ಸಾಮರ್ಥ್ಯದ ಅಳತೆ) ಇರುವ ಕಾರಿನಲ್ಲಿ ನಮ್ಮಂಥದ್ದೇ ರಾಡಾರ್ ಇದ್ದರೆ, ಅದರ ನೇರ ತರಂಗ ಆ ಕಾರಿನ ಪ್ರತಿಧ್ವನಿಗಿಂತ ಸುಮಾರು 12,500 ಪಟ್ಟು ಪ್ರಬಲ.

ಈ ರಾಡಾರ್‌ಗಳ ಆವೃತ್ತಿ ಹತ್ತಾರು ಮೈಕ್ರೊಸೆಕೆಂಡುಗಳಲ್ಲಿ ಏರುತ್ತ ಹೋಗುತ್ತದೆ. ಎರಡು ರಾಡಾರ್‌ಗಳ ಏರಿಕೆಯ ವೇಗ ಬೇರೆಯಾದರೆ ಅವು ಕ್ಷಣಮಾತ್ರ ಹಾಯ್ದುಹೋಗಿ ಗದ್ದಲದ ಮಟ್ಟ ಏರುತ್ತದೆ, ಪಾದಚಾರಿಯಂಥ ದುರ್ಬಲ ಗುರಿ ಅದರಲ್ಲಿ ಮುಳುಗುತ್ತದೆ. ಏರಿಕೆ ಒಂದೇ ಆಗಿ ಸಮಯವೂ ಕೂಡಿಬಂದರೆ ಇಲ್ಲದ ವಾಹನ ಕಾಣಿಸುತ್ತದೆ. ಇದು ಅಪರೂಪ, ಮೊದಲನೆಯದೇ ದಿನನಿತ್ಯದ ತೊಂದರೆ.

ಆಂಟೆನಾದಲ್ಲೇ ಪರಿಹಾರ ಹುಡುಕುವ ಸರಳ ದಾರಿ ಧ್ರುವೀಕರಣ, ಅಂದರೆ ತರಂಗ ಕಂಪಿಸುವ ದಿಕ್ಕಿನ ಬಳಕೆ. ಆಂಟೆನಾಗಳನ್ನೆಲ್ಲ 45 ಡಿಗ್ರಿ ಓರೆಯಾಗಿ ಕೂರಿಸಿದರೆ ಎದುರುಬದುರಾದ ಎರಡು ಕಾರುಗಳ ಧ್ರುವೀಕರಣ ಪರಸ್ಪರ ಲಂಬವಾಗಿ, ಒಂದರ ತರಂಗ ಇನ್ನೊಂದಕ್ಕೆ ಅಷ್ಟಾಗಿ ತಾಗುವುದಿಲ್ಲ. ಚಲಿಸುವ ಭಾಗವಿಲ್ಲದ ಸೊಗಸಾದ ಉಪಾಯವಿದು. ಆದರೆ ರಸ್ತೆ, ತಡೆಗೋಡೆಗಳಿಂದ ಪ್ರತಿಫಲಿಸಿದ ತರಂಗದ ಮುಂದೆ ಇದರ ಬಲ ಕಡಿಮೆ.

ರೂಪ ಬದಲಿಸುವ ಆಂಟೆನಾ ಇನ್ನೂ ಮುಂದೆ ಹೋಗುತ್ತದೆ. ಪಿನ್ ಡಯೋಡ್, ವ್ಯಾರಾಕ್ಟರ್ ಅಥವಾ ಕಲಾ ಬದಲಾವಕಗಳಂಥ ವಿದ್ಯುನ್ಮಾನ ಬಿಡಿಭಾಗಗಳ ನೆರವಿನಿಂದ ಇದು ಕಿರಣದ ದಿಕ್ಕು, ಅಗಲ, ಧ್ರುವೀಕರಣಗಳನ್ನು ವಾಹನ ಓಡುತ್ತಿರುವಾಗಲೇ ಬದಲಿಸಬಲ್ಲದು. 77 ಗಿಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 3.9 ಮಿಲಿಮೀಟರ್. ಅರ್ಧ ತರಂಗದೂರದ ಅಂತರದಲ್ಲಿ ಹತ್ತಾರು ಘಟಕಗಳನ್ನು ಅಂಗೈಯಗಲದಲ್ಲಿ ಜೋಡಿಸಬಹುದು. ಆದರೆ ಇಷ್ಟು ಎತ್ತರದ ಆವೃತ್ತಿಯಲ್ಲಿ ಇಂಥ ಪ್ರತಿ ಬಿಡಿಭಾಗವೂ ಸಂಕೇತದ ಒಂದು ಪಾಲನ್ನು ನುಂಗುತ್ತದೆ. ಅದಕ್ಕೇ ಗ್ರಾಹಕದ ಸಂಕೇತಗಳನ್ನು ಅಂಕೀಯವಾಗಿ ಕೂಡಿಸಿ, ಅಡಚಣೆ ಬರುವ ದಿಕ್ಕಿಗೆ 'ಶೂನ್ಯ'ವನ್ನು, ಅಂದರೆ ಗ್ರಹಣ ಬಹುತೇಕ ಇಲ್ಲದ ಭಾಗವನ್ನು, ತಿರುಗಿಸುವ ವಿಧಾನಕ್ಕೆ ಒಲವು ಹೆಚ್ಚು.

ಈ ಆಂಟೆನಾ ವಿಧಾನದ ನಿಜವಾದ ಮಿತಿ ಬೇರೆಯೇ ಇದೆ. ಅಡಚಣೆ ಮಾಡುವ ರಾಡಾರ್ ಹೊತ್ತ ಕಾರೇ ಹಲವು ಬಾರಿ ನಾವು ಗಮನಿಸಬೇಕಾದ ಕಾರು. ಆ ದಿಕ್ಕಿಗೆ ಶೂನ್ಯ ತಿರುಗಿಸಿದರೆ ಅದರ ಪ್ರತಿಧ್ವನಿಯೂ ಹೋಗುತ್ತದೆ. ಪಕ್ಕದ ಲೇನಿನಿಂದ ಓರೆಯಾಗಿ ಬರುವ ಅಡಚಣೆಗೆ ಆಂಟೆನಾ ಬಹುಮಟ್ಟಿಗೆ ಸಾಕು. ನೇರ ಎದುರಿನದಕ್ಕೆ ಆವೃತ್ತಿ ಬದಲಿಸುವುದು, ಸಂಕೇತದ ಕೆಟ್ಟ ಮಾದರಿಗಳನ್ನು ಕತ್ತರಿಸಿ ಅಕ್ಕಪಕ್ಕದವುಗಳಿಂದ ತುಂಬುವುದು ಅನಿವಾರ್ಯ.